ಗೋಡೆಯ ಮಾತು, ಊರಿನ ಕಿವಿ: ಯಾದಗಿರಿ, ಶಹಾಪುರ, ಸುರಪುರ ಪರಿಸರದ ಹಿತಬರಹಗಳು

ಕರ್ನಾಟಕದ ಚಿತ್ರಕಲೆಯ ಚರಿತ್ರೆಯಲ್ಲಿ ಗೋಡೆಗೆ ಗೌರವದ ಸ್ಥಾನವಿದೆ. ಬಾದಾಮಿಯ ಗುಹೆಗಳು, ಹಂಪಿಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿ, ಶ್ರೀರಂಗಪಟ್ಟಣದ ದರಿಯಾ ದೌಲತ್ ಇವೆಲ್ಲ ವಿದ್ವಾಂಸರ ಗಮನವನ್ನು ಸೆಳೆದಿವೆ. ಆದರೆ ಶಾಲೆಯ ಕಂಪೌಂಡ್ ಗೋಡೆ, ಆಸ್ಪತ್ರೆಯ ಹೊರಗೋಡೆ, ಬಸ್ ನಿಲ್ದಾಣದ ಕಂಬ, ಪಂಚಾಯಿತಿ ಕಟ್ಟಡದ ಮುಂಭಾಗ ಇವುಗಳ ಮೇಲೆ ಪ್ರತಿದಿನ ಸಾವಿರಾರು ಕಣ್ಣುಗಳಿಗೆ ಬೀಳುವ ಬರಹ ಮತ್ತು ಚಿತ್ರಗಳು ಕಲಾವಿಮರ್ಶೆಯ ಕಕ್ಷೆಯೊಳಗೆ ಬಂದಿರುವುದು ಅತ್ಯಲ್ಪ. ಇವುಗಳನ್ನು ಸರ್ಕಾರದ ಪ್ರಚಾರ ಸಾಮಗ್ರಿಯೆಂದೋ, ಪೇಂಟರನ ದಿನಗೂಲಿಯ ಕೆಲಸವೆಂದೋ ಬದಿಗಿರಿಸುವುದು ವಾಡಿಕೆ. ಮಾರಾಟವನ್ನಾಗಲಿ ಮತಯಾಚನೆಯನ್ನಾಗಲಿ ಉದ್ದೇಶಿಸದೆ, ನೋಡುವವರ ಒಳಿತನ್ನು ಬಯಸಿ ಸಾರ್ವಜನಿಕ ಸ್ಥಳದಲ್ಲಿ ಮೂಡಿಸಿದ ಇಂತಹ ಬರಹವನ್ನು ಇಲ್ಲಿ 'ಹಿತಬರಹ' ಎಂದು ಕರೆಯಲಾಗಿದೆ. ಯಾದಗಿರಿ, ಶಹಾಪುರ, ಸುರಪುರ ಪರಿಸರವನ್ನು ಕೇಂದ್ರವಾಗಿರಿಸಿಕೊಂಡು ಹಿತಬರಹದ ಸ್ವರೂಪವನ್ನು ಪರಿಶೀಲಿಸುವುದು, ಅದರ ಗುಣದೋಷಗಳನ್ನು ಅಳೆಯಲು ತಕ್ಕ ಮಾನದಂಡಗಳನ್ನು ಹುಡುಕುವುದು ಈ ಲೇಖನದ ಉದ್ದೇಶ.

ಈ ಪರಿಸರವನ್ನೇ ಆರಿಸಿಕೊಳ್ಳಲು ಕಾರಣವಿದೆ. 2010ರಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ ರಚನೆಯಾದಾಗ ಅದರಲ್ಲಿದ್ದ ತಾಲ್ಲೂಕುಗಳು ಈ ಮೂರೇ; ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳು ಅನಂತರ ಬಂದವು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 51.83. ರಾಜ್ಯದ ಸರಾಸರಿ ಶೇ. 75.36 ಇದ್ದಾಗ, 30 ಜಿಲ್ಲೆಗಳ ಪೈಕಿ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು. ಮಹಿಳೆಯರ ಸಾಕ್ಷರತೆ ಶೇ. 41.38 ಮಾತ್ರ. ಅಂದರೆ ಗೋಡೆಯ ಮುಂದೆ ಹಾದುಹೋಗುವ ಇಬ್ಬರಲ್ಲಿ ಒಬ್ಬರಿಗೆ, ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ, ಗೋಡೆಯ ಅಕ್ಷರ ಬಣ್ಣದ ಗುರುತಾಗಿ ಕಾಣುತ್ತದೆಯೇ ಹೊರತು ಮಾತಾಗಿ ಕೇಳಿಸುವುದಿಲ್ಲ. ಹಾಗಿದ್ದೂ ಇಲ್ಲಿನ ಗೋಡೆಗಳು ಉಪದೇಶದಿಂದ ತುಂಬಿವೆ. ಓದುಗರು ಕಡಿಮೆಯಿರುವಲ್ಲಿ ಬರಹ ಯಾರನ್ನು ಕುರಿತು ಮಾತನಾಡುತ್ತದೆ ಎಂಬ ಪ್ರಶ್ನೆ ಹಿತಬರಹದ ವಿಮರ್ಶೆಗೆ ಮೂಲಭೂತವಾದುದು.

ಸನ್ನತಿಯ ಪಾಠ

ಸಾರ್ವಜನಿಕ ಸ್ಥಳದಲ್ಲಿ ಒಳ್ಳೆಯ ಮಾತನ್ನು ಬರೆಯಿಸುವ ಪದ್ಧತಿಗೆ ಈ ನೆಲದಲ್ಲಿ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಶಹಾಪುರಕ್ಕೆ ಸಮೀಪದಲ್ಲಿಯೇ, ಭೀಮಾ ತೀರದ ಸನ್ನತಿಯಲ್ಲಿ, ಅಶೋಕನ ಶಾಸನಗಳು ದೊರೆತಿವೆ. ಇಂದು ಕಲಬುರಗಿ ಜಿಲ್ಲೆಗೆ ಸೇರಿದ ಈ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಕಾ ಗುಡಿಯ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಅಶೋಕನ 12 ಮತ್ತು 14ನೆಯ ಬಂಡೆಶಾಸನಗಳ ಭಾಗಗಳೂ, ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ದೊರೆತಿರುವ ಎರಡು ಪ್ರತ್ಯೇಕ ಶಾಸನಗಳ ಭಾಗಗಳೂ ಇದರಲ್ಲಿವೆ.

ಈ ಪ್ರತ್ಯೇಕ ಶಾಸನಗಳ ಎರಡು ಸಂಗತಿಗಳು ಪ್ರಸ್ತುತ ವಿಷಯಕ್ಕೆ ಮುಖ್ಯ. ಮೊದಲನೆಯದು, ಬರಹವನ್ನು ನಿಗದಿತ ತಿಷ್ಯ ನಕ್ಷತ್ರದ ದಿನಗಳಂದು ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ಆದೇಶ. ಕಲ್ಲಿನಲ್ಲಿ ಕೊರೆಯಿಸಿದವನಿಗೆ ಕಲ್ಲನ್ನು ಓದಬಲ್ಲವರು ವಿರಳವೆಂಬ ಅರಿವಿತ್ತು; ಬರಹ ಅವನ ಪಾಲಿಗೆ ಧ್ವನಿಯನ್ನು ಕಾಪಿಡುವ ಉಪಾಯವಾಗಿತ್ತು. ಎರಡನೆಯದು, ಮೊದಲ ಪ್ರತ್ಯೇಕ ಶಾಸನ ಬುದ್ಧಿ ಹೇಳುವುದು ಅಧಿಕಾರಿಗಳಿಗೆ. ಅಸೂಯೆ, ಸಿಡುಕು, ಆತುರ, ಆಲಸ್ಯಗಳನ್ನು ಬಿಟ್ಟು ನಿಷ್ಪಕ್ಷಪಾತವಾಗಿ ನಡೆದುಕೊಳ್ಳುವಂತೆ ಅದು ಮಹಾಮಾತ್ರರನ್ನು ಎಚ್ಚರಿಸುತ್ತದೆ. ಈ ಎಚ್ಚರಿಕೆ ತಿಷ್ಯ ದಿನದಂದು ಗಟ್ಟಿಯಾಗಿ ಓದಿಸಲ್ಪಟ್ಟಾಗ, ತಮ್ಮನ್ನು ಆಳುವವರು ಹೇಗಿರಬೇಕೆಂಬುದು ಪ್ರಜೆಗಳ ಕಿವಿಗೂ ಬೀಳುತ್ತಿತ್ತು.

ಸನ್ನತಿಯ ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ ಮತ್ತೊಂದು ಬಗೆಯ ನಿದರ್ಶನವಿದೆ. ಅಲ್ಲಿನ ಉಬ್ಬುಶಿಲ್ಪಗಳ ಮೇಲೆ ಚಿತ್ರಿತರಾದವರ ಹೆಸರುಗಳನ್ನು ಬ್ರಾಹ್ಮಿಯಲ್ಲಿ ಕೊರೆಯಲಾಗಿದೆ. 'ರಾಯೋ ಅಸೋಕೋ' ಎಂಬ ಹೆಸರುಳ್ಳ ಫಲಕ ಇವುಗಳಲ್ಲಿ ಪ್ರಸಿದ್ಧ. ಚಿತ್ರ ನೋಡುವವನಿಗೆ, ಹೆಸರು ಓದುವವನಿಗೆ. ಇಬ್ಬರೂ ಒಂದೇ ಕಲ್ಲಿನ ಮುಂದೆ ನಿಲ್ಲಬಹುದು. ಓದಬಲ್ಲವನು ಓದಲಾರದವನಿಗೆ ಹೇಳಬಹುದು.

ಹೀಗೆ ಸನ್ನತಿ ಮತ್ತು ಕನಗನಹಳ್ಳಿಗಳಿಂದ ಹಿತಬರಹವನ್ನು ಅಳೆಯುವ ಮೂರು ಪ್ರಶ್ನೆಗಳು ದೊರೆಯುತ್ತವೆ. ಬರಹ ಕಿವಿಗೆ ಸಲ್ಲುವಂತಿದೆಯೇ? ಚಿತ್ರ ಮತ್ತು ಅಕ್ಷರ ಪರಸ್ಪರ ಕೈಹಿಡಿದಿವೆಯೇ? ಬರೆಯಿಸಿದವನು ತನ್ನ ಮಾತಿಗೆ ತಾನೂ ಕಟ್ಟುಬಿದ್ದಿದ್ದಾನೆಯೇ?

ಅಕ್ಷರ ಗೋಡೆಗೆ ಬಂದ ಬಗೆ

1858ರ ಬಂಡಾಯದ ಬಳಿಕ ಸುರಪುರ ಸಂಸ್ಥಾನ ನಿಜಾಮರ ರಾಜ್ಯದಲ್ಲಿ ವಿಲೀನವಾಯಿತು. ಹೈದರಾಬಾದ್ ರಾಜ್ಯದಲ್ಲಿ ಆಡಳಿತದ ಮತ್ತು ಉನ್ನತ ಶಿಕ್ಷಣದ ಭಾಷೆಯಾಗಿ ಉರ್ದು ನೆಲೆಗೊಂಡಿತ್ತು. 1948ರಲ್ಲಿ ಆ ರಾಜ್ಯ ಭಾರತದ ಒಕ್ಕೂಟಕ್ಕೆ ಸೇರಿ, 1956ರಲ್ಲಿ ಈ ಭಾಗ ವಿಶಾಲ ಮೈಸೂರು ರಾಜ್ಯದೊಳಗೆ ಬಂದ ಮೇಲೆಯೇ ಕಚೇರಿಯ ಹಲಗೆಯ ಮೇಲೆ ಕನ್ನಡಕ್ಕೆ ಅಧಿಕೃತ ಸ್ಥಾನ ದೊರೆಯಿತು. ಆದ್ದರಿಂದ ಇಲ್ಲಿನ ಸಾರ್ವಜನಿಕ ಗೋಡೆಯ ಮೇಲಿನ ಕನ್ನಡ ಮೈಸೂರು ಸೀಮೆಯಲ್ಲಿರುವಷ್ಟು ಹಳೆಯದಲ್ಲ. ಮನೆಯಲ್ಲಿ, ಮಠದಲ್ಲಿ, ಬಯಲಾಟದ ಅಟ್ಟದ ಮೇಲೆ, ಮೊಹರಂ ಪದಗಳಲ್ಲಿ ಧಾರಾಳವಾಗಿ ಬಾಳಿದ ಭಾಷೆ ಸರ್ಕಾರಿ ಗೋಡೆಗೆ ಬಂದಾಗ ತನ್ನ ಆಡುರೂಪದಲ್ಲಿ ಬರಲಿಲ್ಲ; ಬೆಂಗಳೂರಿನ ಕಚೇರಿಗಳಲ್ಲಿ ಸಿದ್ಧವಾದ ಗ್ರಾಂಥಿಕ ರೂಪದಲ್ಲಿ ಬಂದಿತು. ಈ ಅಂತರದ ಪರಿಣಾಮ ಇಂದಿನ ಬರಹಗಳಲ್ಲಿಯೂ ಕಾಣುತ್ತದೆ.

ಗೋಡೆಯ ಮೇಲೆ ಅಕ್ಷರ ಮೂಡಿಸುವ ಕೆಲಸ ಶಿಸ್ತಿನದು. ಹಳೆಯ ಪದರವನ್ನು ಕೆರೆದು, ಸುಣ್ಣ ಅಥವಾ ಬಿಳಿಯ ಬಣ್ಣ ಬಳಿದು ನೆಲವನ್ನು ಸಿದ್ಧಪಡಿಸುತ್ತಾರೆ. ಬಣ್ಣದ ಪುಡಿ ಸವರಿದ ದಾರವನ್ನು ಎರಡು ತುದಿಗಳಲ್ಲಿ ಎಳೆದು ಹಿಡಿದು ಮಿಡಿದರೆ ಗೋಡೆಯ ಮೇಲೆ ನೇರವಾದ ಗೆರೆ ಬೀಳುತ್ತದೆ. ಸೀಮೆಸುಣ್ಣದಿಂದ ಅಕ್ಷರದ ಹೊರಮೈ ಬರೆದು, ಅನಂತರ ಬ್ರಷ್ಷಿನಿಂದ ತುಂಬುತ್ತಾರೆ. ಕನ್ನಡ ಲಿಪಿ ಈ ಕೆಲಸದಲ್ಲಿ ತನ್ನದೇ ಆದ ಸಮಸ್ಯೆಗಳನ್ನು ಒಡ್ಡುತ್ತದೆ. ತಲೆಕಟ್ಟುಗಳು ಸಾಲಿಗೆ ಸಹಜವಾದ ಮೇಲ್ಗೆರೆಯನ್ನು ಒದಗಿಸುತ್ತವೆ. ಆದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಜಾಗವನ್ನು ಬೇಡುತ್ತವೆ. ಸಾಲುಗಳ ನಡುವಣ ಅಂತರವನ್ನು ಮೊದಲೇ ಅಂದಾಜಿಸದ ಪೇಂಟರ್ 'ಸ್ವಚ್ಛ', 'ರಾಷ್ಟ್ರ', 'ಸ್ವಾಸ್ಥ್ಯ' ಎಂಬ ಪದಗಳ ಮುಂದೆ ಸಿಕ್ಕಿಬೀಳುತ್ತಾನೆ. ಸರ್ಕಾರಿ ಘೋಷಣೆಗಳಲ್ಲಿ ಸಂಸ್ಕೃತ ಸಂಯುಕ್ತಾಕ್ಷರಗಳು ಹೆಚ್ಚು. ದೂರದಿಂದ ನೋಡಿದಾಗ ಈ ಒತ್ತುಗಳೇ ಮೊದಲು ಕಲಸಿಹೋಗುತ್ತವೆ. ಹೊಸದಾಗಿ ಅಕ್ಷರ ಕಲಿತವರು ಎಡವುವುದೂ ಇಲ್ಲಿಯೇ. ಹೀಗೆ ಪದಗಳ ಆಯ್ಕೆ ಗೋಡೆಯ ಮೇಲೆ ಭಾಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಕಣ್ಣಿನ ಪ್ರಶ್ನೆಯೂ ಆಗುತ್ತದೆ.

ಬರಹದ ಮೂಲೆಯಲ್ಲಿ ಪೇಂಟರನು ತನ್ನ ಅಂಗಡಿಯ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಸಣ್ಣದಾಗಿ ಬರೆಯುವುದುಂಟು. ಘೋಷಣೆ ಇಲಾಖೆಯದು, ಗೋಡೆ ಊರಿನದು, ಆದರೆ ಅಕ್ಷರದ ದಪ್ಪ, ತಿರುವು, ನೆರಳುಗಳು ಅವನವು. ಒಂದೇ ಘೋಷಣೆ ಮೂರು ಊರುಗಳಲ್ಲಿ ಮೂರು ಬಗೆಯಾಗಿ ಕಾಣುವುದು ಈ ಕೈಗಳ ಭೇದದಿಂದ.

ಘೋಷಣೆಯ ಕಾವ್ಯ ಮತ್ತು ಅದರೊಳಗಿನ ಮೌಲ್ಯ

ಹಿತಬರಹಗಳ ಭಾಷೆಯಲ್ಲಿ ಎರಡು ಮುಖ್ಯ ರೀತಿಗಳನ್ನು ಗುರುತಿಸಬಹುದು: ಆಜ್ಞೆಯ ರೀತಿ ಮತ್ತು ನುಡಿಗಟ್ಟಿನ ರೀತಿ. 'ಉಗುಳಬಾರದು', 'ಕಸ ಹಾಕಬಾರದು', 'ಮೂತ್ರ ವಿಸರ್ಜಿಸಬಾರದು' ಎಂಬವು ಮೊದಲನೆಯ ಬಗೆಯವು. ಇವು ಹೇಳುವುದು ನಿಯಮವನ್ನು, ಆದರೆ ಕೇಳುವವನನ್ನು ತಪ್ಪಿತಸ್ಥನೆಂದು ಮೊದಲೇ ಭಾವಿಸಿರುತ್ತವೆ. ಆಜ್ಞೆ ಫಲಿಸದಿದ್ದಾಗ ಅದೇ ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸುವ ರೂಢಿ ನಾಡಿನ ಅನೇಕ ಪಟ್ಟಣಗಳಲ್ಲಿದೆ. ಬೇರೆ ಬೇರೆ ಧರ್ಮಗಳ ಚಿಹ್ನೆಗಳನ್ನು ಸಾಲಾಗಿ ಜೋಡಿಸಿರುವುದನ್ನು ಸೌಹಾರ್ದದ ಸಂಕೇತವೆಂದು ಕೆಲವರು ಮೆಚ್ಚುತ್ತಾರೆ. ವಾಸ್ತವದಲ್ಲಿ ಅದು ಮಾತು ಸೋತ ಜಾಗದಲ್ಲಿ ಭಯವನ್ನು ನಿಲ್ಲಿಸುವ ಕ್ರಮ. ಹತ್ತಿರದಲ್ಲಿ ಸಾರ್ವಜನಿಕ ಮೂತ್ರಾಲಯ ಇದೆಯೇ ಎಂಬ ಪ್ರಶ್ನೆಯನ್ನು ಆಜ್ಞೆಯೂ ಕೇಳುವುದಿಲ್ಲ, ಟೈಲ್ಸೂ ಕೇಳುವುದಿಲ್ಲ.

ನುಡಿಗಟ್ಟಿನ ರೀತಿ ಇದಕ್ಕಿಂತ ಭಿನ್ನ. 'ಮನೆಗೊಂದು ಮರ, ಊರಿಗೊಂದು ವನ' ಎಂಬ ಘೋಷಣೆಯನ್ನು ಗಮನಿಸಬಹುದು. ಇದರಲ್ಲಿ ಕ್ರಿಯಾಪದವಿಲ್ಲ, ಯಾರಿಗೂ ಅಪ್ಪಣೆಯಿಲ್ಲ. ಮನೆಯಿಂದ ಊರಿಗೆ, ಮರದಿಂದ ವನಕ್ಕೆ ಅರ್ಥ ಹಿಗ್ಗುತ್ತದೆ. ಒತ್ತಕ್ಷರ ಒಂದೂ ಇಲ್ಲ. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಗಾದೆಯ ಜಾಯಮಾನಕ್ಕೆ ಸೇರಿದ ರಚನೆಯಿದು. ಯಾರು ಕಟ್ಟಿದರೆಂಬುದು ಜನರ ನೆನಪಿನಲ್ಲಿಲ್ಲದಿದ್ದರೂ ಮಾತು ಉಳಿದಿದೆ. ಓದು ಬಾರದವರೂ ಇದನ್ನು ಬಲ್ಲರು. ಗೋಡೆ ಇಲ್ಲಿ ಮಾತನ್ನು ಕಲಿಸುತ್ತಿಲ್ಲ, ಬಾಯಲ್ಲಿರುವ ಮಾತನ್ನು ನೆನಪಿಸುತ್ತಿದೆ.

ಆದರೆ ಪ್ರಾಸ ಸದಾ ಒಳಿತಿನ ಪಕ್ಷದಲ್ಲಿ ಇರುತ್ತದೆಂದು ನಂಬುವಂತಿಲ್ಲ. ಕುಟುಂಬ ಯೋಜನೆಯ ಕಾಲದ 'ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ' ಎಂಬ ಘೋಷಣೆ ರಾಜ್ಯದಾದ್ಯಂತ ಜನಪ್ರಿಯವಾಯಿತು. ಎರಡು ಮಕ್ಕಳು ಸಾಕೆಂಬುದು ಅದರ ಉದ್ದೇಶ. ಹೆಣ್ಣುಮಗುವಿಗೂ ಸ್ಥಾನವಿದೆಯೆಂಬುದು ಅದರ ಒಳ್ಳೆಯತನ. ಆದರೆ ಹಂಚಿಕೆಯನ್ನು ನೋಡಿ: ಆರತಿ ಮಗಳಿಗೆ, ಕೀರ್ತಿ ಮಗನಿಗೆ. ಮನೆಯ ಒಳಗು ಒಬ್ಬಳಿಗೆ, ಹೊರಜಗತ್ತು ಒಬ್ಬನಿಗೆ. ಹತ್ತರಲ್ಲಿ ಆರು ಮಹಿಳೆಯರು ಅಕ್ಷರದಿಂದ ಹೊರಗುಳಿದ ನೆಲದಲ್ಲಿ ಈ ಪ್ರಾಸ ಸಮಾಜದಲ್ಲಿದ್ದ ಪಕ್ಷಪಾತವನ್ನೇ ಇಂಪಾಗಿ ಪುನರುಚ್ಚರಿಸಿತು. ಹಿತಬರಹದ ವಿಮರ್ಶೆ ಉದ್ದೇಶವನ್ನು ಮೆಚ್ಚಿ ನಿಲ್ಲದೆ, ಅದರ ಬೆನ್ನಿಗೆ ಬರುವ ಮೌಲ್ಯವನ್ನೂ ಪರೀಕ್ಷಿಸಬೇಕಾದುದು ಈ ಕಾರಣದಿಂದ.

2015ರಲ್ಲಿ ಆರಂಭವಾದ 'ಬೇಟಿ ಬಚಾವೊ, ಬೇಟಿ ಪಢಾವೊ' ಕಾರ್ಯಕ್ರಮ ಮಗಳ ಓದನ್ನೇ ಮುನ್ನೆಲೆಗೆ ತಂದಿತು. ಆದರೆ ಅದರ ಹೆಸರು ಅನೇಕ ಕಡೆ ಹಿಂದಿಯಲ್ಲಿದ್ದಂತೆಯೇ ಕನ್ನಡ ಲಿಪಿಯಲ್ಲಿ ಗೋಡೆಗೆ ಬಂದಿತು. ಅಕ್ಷರ ಬಲ್ಲ ಕನ್ನಡಿಗನಿಗೆ ಇಲ್ಲಿ ಉಚ್ಚಾರ ದೊರೆಯುತ್ತದೆ, ಅರ್ಥ ದೊರೆಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಯಾದಗಿರಿ, ಸುರಪುರಗಳ ದಖನಿ ಮಾತನಾಡುವ ಮನೆಗಳಲ್ಲಿ ಅರ್ಥ ಸುಲಭವಾಗಿ ತಿಳಿಯುತ್ತದೆ. ಬಹುಭಾಷಿಕ ಪ್ರದೇಶದಲ್ಲಿ ಒಂದು ಘೋಷಣೆಯ ಗತಿ ಎಷ್ಟು ಸಂಕೀರ್ಣವೆಂಬುದಕ್ಕೆ ಇದು ನಿದರ್ಶನ.

ಭಾಷೆಯೊಳಗಣ ಪ್ರಾದೇಶಿಕ ಭೇದವೂ ಮುಖ್ಯ. 'ಅತಿ ವೇಗ, ತಿಥಿ ಬೇಗ' ಎಂಬ ರಸ್ತೆಬದಿಯ ಹಾಸ್ಯ ಹಳೆಯ ಮೈಸೂರು ಭಾಗದಲ್ಲಿ ತಟ್ಟನೆ ತಾಗುತ್ತದೆ. ಅಲ್ಲಿ ತಿಥಿ ಎಂದರೆ ಸತ್ತವರಿಗೆ ಮಾಡುವ ಕರ್ಮ. ಭೀಮಾ–ಕೃಷ್ಣೆಯರ ನಡುವಿನ ಈ ಸೀಮೆಯ ಆಡುಮಾತಿನಲ್ಲಿ ಆ ಅರ್ಥ ಅಷ್ಟಾಗಿ ರೂಢಿಯಲ್ಲಿಲ್ಲ. ಇಲ್ಲಿಯವರಿಗೆ 'ಸಾವಕಾಶ ಹೋಗ್ರಿ' ಎಂಬ ಸಾದಾ ಮಾತು ಹೆಚ್ಚು ಹತ್ತಿರದ್ದು. ಅದರಲ್ಲಿ ಹಾಸ್ಯವಿಲ್ಲ, ಪ್ರಾಸವಿಲ್ಲ. ಆದರೆ ಮನೆಯ ಹಿರಿಯರು ಹೊಸ್ತಿಲಲ್ಲಿ ನಿಂತು ಹೇಳುವ ದನಿಯಿದೆ. ಮೂಡನೂರಿನ ದೇವರ ದಾಸಿಮಯ್ಯ, ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ, ನೆರೆಯ ಕಡಕೋಳದ ಮಡಿವಾಳಪ್ಪ ಇವರೆಲ್ಲ ನೀತಿಯನ್ನು ಜನರ ಮಾತಿನಲ್ಲಿಯೇ ಆಡಿದ ಪರಿಸರವಿದು. ತತ್ವಪದ, ಭಜನೆ, ರಿವಾಯತ್ ಪದಗಳನ್ನು ನೂರಾರು ಸಂಖ್ಯೆಯಲ್ಲಿ ಬಾಯಲ್ಲಿಟ್ಟುಕೊಂಡವರನ್ನು ಅನಕ್ಷರಸ್ಥರೆಂಬ ಒಂದೇ ಮಾತಿನಲ್ಲಿ ಮುಗಿಸಲಾಗದು. ಅವರಿಗೆ ಅಕ್ಷರ ತಿಳಿಯದಿರಬಹುದು, ಮಾತಿನ ತೂಕ ತಿಳಿದಿದೆ. ಗೋಡೆಯ ಗ್ರಾಂಥಿಕ ಕನ್ನಡ ಈ ಶ್ರೀಮಂತಿಕೆಯನ್ನು ಬಳಸಿಕೊಂಡಿರುವುದು ಬಹಳ ಕಡಿಮೆ.

ಚಿತ್ರದ ಹೊಣೆ

ಓದಲಾರದವರನ್ನು ತಲುಪಲು ಗೋಡೆಗಿರುವ ಇನ್ನೊಂದು ದಾರಿ ಚಿತ್ರ. 1960ರ ದಶಕದ ಕೊನೆಯಲ್ಲಿ ಕುಟುಂಬ ಯೋಜನೆಗಾಗಿ ಬಂದ ಕೆಂಪು ತ್ರಿಕೋನ ಮತ್ತು ತಂದೆ, ತಾಯಿ, ಮಗ, ಮಗಳ ನಾಲ್ಕು ಮುಖಗಳ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ತಲೆಕೆಳಗಾದ ತ್ರಿಕೋನಕ್ಕೆ ತನ್ನದೇ ಅರ್ಥವೇನೂ ಇರಲಿಲ್ಲ. ದೇಶದ ಪ್ರತಿಯೊಂದು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಒಂದೇ ರೂಪದಲ್ಲಿ ದಶಕಗಳ ಕಾಲ ಕಂಡುಬಂದದ್ದರಿಂದ ಅದು ಅರ್ಥ ಪಡೆಯಿತು. ಯಾವುದೇ ಪೇಂಟರ್ ಸುಲಭವಾಗಿ ಬರೆಯಬಲ್ಲಷ್ಟು ಸರಳವಾದುದೇ ಅದರ ಬಲ. 2014ರ ಸ್ವಚ್ಛ ಭಾರತ ಅಭಿಯಾನದ ಗಾಂಧಿ ಕನ್ನಡಕವೂ ಇದೇ ಮಾರ್ಗದ್ದು.

ಈ ಬಗೆಯ ಚಿಹ್ನೆಗಳ ಜೊತೆ ಅಂಕಿಗಳನ್ನೂ ಸೇರಿಸಿ ನೋಡಬೇಕು. ಬಾಲ್ಯವಿವಾಹ ಮತ್ತು ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಬರಹಗಳಲ್ಲಿ ಮಕ್ಕಳ ಸಹಾಯವಾಣಿ 1098 ದೊಡ್ಡದಾಗಿ ಕಾಣುತ್ತದೆ. ಅಕ್ಷರ ಓದಲಾರದವರೂ ಮೊಬೈಲ್ ಫೋನಿನ ಬಳಕೆಯಿಂದ ಅಂಕಿಗಳನ್ನು ಗುರುತಿಸಬಲ್ಲರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಶಿಕ್ಷೆಯ ವಿವರಗಳನ್ನು ಸಾಲುಸಾಲಾಗಿ ತುಂಬಿದ ಗೋಡೆಗಿಂತ, ಶಾಲೆಗೆ ಹೋಗುವ ಹುಡುಗಿಯ ಕಣ್ಣಿನ ಎತ್ತರದಲ್ಲಿ ಬರೆದ ಈ ನಾಲ್ಕು ಅಂಕಿಗಳು ಹೆಚ್ಚು ಉಪಯುಕ್ತ. ಮೊದಲನೆಯದು ಅಪರಾಧವನ್ನು ವರ್ಣಿಸುತ್ತದೆ. ಎರಡನೆಯದು ಅಪಾಯದಲ್ಲಿರುವವಳ ಕೈಗೆ ಸಾಧನ ಕೊಡುತ್ತದೆ.

ಆದರೆ ಚಿಹ್ನೆ ಮತ್ತು ಅಂಕಿಗಳಾಚೆ ಚಿತ್ರಕ್ಕೆ ಇನ್ನೂ ಹೆಚ್ಚಿನ ಸಾಮರ್ಥ್ಯವಿದೆ. ಮೆಕ್ಸಿಕೋ ದೇಶದಲ್ಲಿ ಕ್ರಾಂತಿಯ ಅನಂತರ, 1920ರ ದಶಕದ ಆರಂಭದಲ್ಲಿ, ಶಿಕ್ಷಣ ಸಚಿವ ಹೊಸೆ ವಾಸ್ಕೊನ್ಸೆಲೊಸ್ ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಚಿತ್ರಕಾರರಿಗೆ ಬಿಟ್ಟುಕೊಟ್ಟರು. ದಿಯೇಗೊ ರಿವೇರಾ, ಒರೊಸ್ಕೊ, ಸಿಕೇರೊಸ್ ಮುಂತಾದವರು ಬಹುಪಾಲು ಅನಕ್ಷರಸ್ಥರಾಗಿದ್ದ ಜನತೆಗೆ ಅವರ ಚರಿತ್ರೆಯನ್ನೇ ಗೋಡೆಯ ಮೇಲೆ ತೋರಿಸಿದರು. ಭಾರತದಲ್ಲಿ 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ನಂದಲಾಲ್ ಬೋಸ್ ರಚಿಸಿದ ಭಿತ್ತಿಪತ್ರಗಳಲ್ಲಿ ನೂಲುವವರು, ಹೊಲ ಉಳುವವರು, ವಾದ್ಯ ನುಡಿಸುವವರು, ಕುಶಲಕರ್ಮಿಗಳು ಕಾಣಿಸಿಕೊಂಡರು. ಅಲ್ಲಿ ಉಪದೇಶವಿರಲಿಲ್ಲ, ದುಡಿಯುವ ಜನ ತಮ್ಮನ್ನು ತಾವು ಗೌರವದಿಂದ ಕಾಣುವಂತಹ ರೂಪವಿತ್ತು. ಈ ಎರಡೂ ಸಂದರ್ಭಗಳಲ್ಲಿ ಚಿತ್ರದ ವಸ್ತು ನೋಡುವವರ ಬದುಕೇ ಆಗಿತ್ತು.

ಇಂದಿನ ಹಿತಬರಹಗಳ ಜೊತೆಗಿನ ಚಿತ್ರಗಳಲ್ಲಿ ಈ ಗುಣ ವಿರಳ. ನಗುಮುಖದ ಪುಸ್ತಕ, ಕೈಕಾಲು ಮೂಡಿದ ಪೆನ್ಸಿಲ್, ಎಲ್ಲಿಯದೋ ಹಿಮಪರ್ವತ, ಎಲ್ಲಿಯದೋ ಹೆಂಚಿನ ಮನೆ ಸಿದ್ಧ ಮಾದರಿಗಳಿಂದ ಗೋಡೆಗೆ ಬರುತ್ತವೆ. ಶಹಾಪುರದ ಮಗುವಿಗೆ ದಿನವೂ ಕಾಣುವುದು ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲು. ಸುರಪುರದ ಮಗುವಿಗೆ ಕಾಣುವುದು ಗುಡ್ಡಗಳ ನಡುವಿನ ಕೋಟೆ, ಕೆಳಗಿನ ಹತ್ತಿ, ತೊಗರಿ, ಭತ್ತದ ಹೊಲಗಳು. ಇವು ಗೋಡೆಯ ಮೇಲೆ ಬಂದಾಗ ಮಗು ತನ್ನ ಊರೂ ಚಿತ್ರಕ್ಕೆ ಯೋಗ್ಯವೆಂಬುದನ್ನು ಮಾತಿಲ್ಲದೆ ಕಲಿಯುತ್ತದೆ.

ಸುರಪುರವಂತೂ ಸ್ವಂತ ಚಿತ್ರಪರಂಪರೆಯುಳ್ಳ ಊರು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಚಿನ್ನದ ರೇಕಿನ ಬಳಕೆಗೂ ಸೂಕ್ಷ್ಮ ರೇಖೆಗೂ ಹೆಸರಾದ ಸುರಪುರ ಶೈಲಿ ಗರುಡಾದ್ರಿ ಮನೆತನದ ಕಲಾವಿದರ ಹೆಸರಿನೊಡನೆ ಬೆಸೆದುಕೊಂಡಿದೆ. ಆಸ್ಥಾನದ ಕಿರುಚಿತ್ರಕ್ಕೂ ಬೀದಿಯ ಗೋಡೆಬರಹಕ್ಕೂ ನೇರವಾದ ವಂಶಾವಳಿಯನ್ನು ಕಲ್ಪಿಸುವುದು ಸರಿಯಾಗದು. ಅದು ಕೆಲವರು ಕೈಯಲ್ಲಿ ಹಿಡಿದು ನೋಡುವ ಕಲೆ, ಇದು ಎಲ್ಲರೂ ನಡೆಯುತ್ತ ನೋಡುವ ಕಲೆ. ಆದರೂ ಆ ಶೈಲಿಯ ಅಂಚುಪಟ್ಟಿ, ಬಣ್ಣಗಳ ಮೇಳ, ಆಕೃತಿಗಳ ನಿಲುವುಗಳು ಸ್ಥಳೀಯ ಪೇಂಟರರಿಗೂ ಚಿತ್ರಕಲಾ ಶಿಕ್ಷಕರಿಗೂ ಮಾದರಿಯಾಗಿ ದೊರೆತರೆ ಗೋಡೆಯ ಚಿತ್ರಕ್ಕೆ ಊರಿನ ಮುಖ ಬರಲು ಸಾಧ್ಯ.

ಶಾಲೆಯ ಗೋಡೆ

ಹಿತಬರಹಕ್ಕೆ ಅತ್ಯಂತ ಹೆಚ್ಚು ಜಾಗ ದೊರೆತಿರುವುದು ಸರ್ಕಾರಿ ಶಾಲೆಗಳಲ್ಲಿ. 2001ರ ಅನಂತರ ಸರ್ವ ಶಿಕ್ಷಣ ಅಭಿಯಾನದ ಅವಧಿಯಲ್ಲಿ ಕಟ್ಟಡವನ್ನೇ ಕಲಿಕೆಯ ಸಾಧನವಾಗಿ ಬಳಸುವ ಕಲ್ಪನೆ ಪ್ರಚಾರಕ್ಕೆ ಬಂದಿತು. ಮೆಟ್ಟಿಲುಗಳ ಮೇಲೆ ಅಂಕಿಗಳು, ಬಾಗಿಲು ತೆರೆಯುವ ಅರ್ಧವೃತ್ತದಲ್ಲಿ ಕೋನಗಳು, ಕಿಟಕಿಯ ಸರಳುಗಳಲ್ಲಿ ಅಕ್ಷರದ ರೂಪಗಳು ಕಾಣಿಸಿಕೊಂಡವು. ಅದೇ ದಶಕದಲ್ಲಿ ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸ್ನೇಹಿ ಶಾಲೆಯ ಕಾರ್ಯಕ್ರಮವೂ ನಡೆಯಿತು. ಇಲ್ಲಿ ಗೋಡೆ ಉಪದೇಶಿಸುವುದನ್ನು ಬಿಟ್ಟು ಆಟಕ್ಕೆ ಕರೆಯಿತು. ಎಳೆಯ ಮಗು ಕೈಯಿಂದ ಮುಟ್ಟಿ ಅಕ್ಷರದ ತಿರುವನ್ನು ಹಿಂಬಾಲಿಸಬಹುದಾದ ಗೋಡೆ ಹಿತಬರಹದ ಅತ್ಯುತ್ತಮ ರೂಪಗಳಲ್ಲೊಂದು.

ಶಾಲೆಯ ಬಾಗಿಲ ಮೇಲಿನ ಬರಹವೂ ಸಣ್ಣ ವಿಷಯವಲ್ಲ. ಶಾಲೆಯನ್ನು ಜ್ಞಾನದ ದೇಗುಲವೆಂದು ಕರೆದು ಕೈಮುಗಿದು ಒಳಬರುವಂತೆ ಹೇಳುವ ಸಾಲು ರಾಜ್ಯದ ಅಸಂಖ್ಯ ಶಾಲೆಗಳ ದ್ವಾರದಲ್ಲಿದೆ. 2024ರ ಫೆಬ್ರುವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ಕೆಲವು ವಸತಿ ಶಾಲೆಗಳಲ್ಲಿ ಕೈಮುಗಿಯುವ ಮಾತಿನ ಬದಲು ಧೈರ್ಯವಾಗಿ ಪ್ರಶ್ನಿಸುವಂತೆ ಹೇಳುವ ಮಾತು ಕಾಣಿಸಿಕೊಂಡಾಗ ವಿವಾದ ವಿಧಾನಮಂಡಲದವರೆಗೂ ಹೋಯಿತು. ವಿನಯ ಮತ್ತು ಪ್ರಶ್ನೆ ಪರಸ್ಪರ ವಿರೋಧಿಗಳೇ ಎಂಬ ಚರ್ಚೆ ಆಗ ವ್ಯಾಪಕವಾಗಿ ನಡೆಯಿತು. ಯಾರೂ ಓದದೆ ಹಾದುಹೋಗುತ್ತಾರೆಂದು ಭಾವಿಸಲಾಗಿದ್ದ ಒಂದು ಗೋಡೆಬರಹದ ಎರಡು ಪದ ಬದಲಾದಾಗ ಇಡೀ ನಾಡು ಓದಿತು ಎಂಬುದು ಗಮನಾರ್ಹ. ಹಿತಬರಹ ಅಲಂಕಾರವಲ್ಲ, ಸಮಾಜ ತನ್ನ ಮಕ್ಕಳಿಂದ ಏನನ್ನು ಬಯಸುತ್ತದೆಂಬುದರ ಬಹಿರಂಗ ಹೇಳಿಕೆ.

ಈ ಜಿಲ್ಲೆಯ ಶಾಲಾಗೋಡೆಗಳಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು ಬಹಳ. 2020ರ ಕೊರೊನಾ ಕಾಲದಲ್ಲಿ ಮಹಾರಾಷ್ಟ್ರದಿಂದ ಮರಳಿದ ಕೂಲಿಕಾರರನ್ನು ಇರಿಸಲು ಶಾಲೆಗಳು, ವಸತಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ಅದೇ ವೇಳೆಗೆ ರಾಜ್ಯದ ಪಟ್ಟಣಗಳ ರಸ್ತೆಗಳ ಮೇಲೆ ವೈರಾಣುವಿನ ಚಿತ್ರ ಬರೆದು, ಮನೆಯಲ್ಲಿಯೇ ಇರುವಂತೆ ತಿಳಿಸುವ ಬರಹಗಳು ಮೂಡಿದ್ದವು. ಆ ಬರಹದ ಉದ್ದೇಶ ಹಿತವೇ. ಆದರೆ ಮನೆಯ ಹೊಸ್ತಿಲು ಇನ್ನೂ ಸಿಗದವರಿಗೆ ಆ ಮಾತು ಹೇಗೆ ಕೇಳಿಸಿರಬಹುದು? ಓದನ್ನು ಅರ್ಧಕ್ಕೆ ಬಿಟ್ಟು ದುಡಿಯಲು ಹೋದವರು ಮತ್ತೆ ವರ್ಣಮಾಲೆಯ ಗೋಡೆಗಳ ನಡುವೆ ದಿನ ಕಳೆದ ಆ ಸಂದರ್ಭ, ಹಿತಬರಹಕ್ಕೂ ಅದನ್ನು ಪಾಲಿಸಬೇಕಾದವರ ಬದುಕಿಗೂ ನಡುವಿನ ದೂರವನ್ನು ತೋರಿಸುತ್ತದೆ.

ಬರೆಯಿಸಿದವನನ್ನು ಕಟ್ಟುವ ಬರಹ

ಇಲ್ಲಿ ಸನ್ನತಿಯ ಶಾಸನದ ಎರಡನೆಯ ಪಾಠ ಮತ್ತೆ ಮುಖ್ಯವಾಗುತ್ತದೆ. ಇಂದಿನ ಹಿತಬರಹಗಳಲ್ಲಿ ಬಹುಪಾಲು ನಾಗರಿಕನನ್ನೇ ತಿದ್ದಲು ಹೊರಟಿವೆ: ಶೌಚಾಲಯ ಬಳಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ನೀರು ಉಳಿಸಿ. ಇವೆಲ್ಲ ಬೇಕಾದ ಮಾತುಗಳೇ. ಆದರೆ ಶೌಚಾಲಯಕ್ಕೆ ನೀರು, ಶಾಲೆಗೆ ಶಿಕ್ಷಕ, ನಲ್ಲಿಗೆ ಸರಬರಾಜು ಇವು ಬರೆಯಿಸಿದವರ ಹೊಣೆ. ಆ ಹೊಣೆಯನ್ನು ಹೇಳದ ಗೋಡೆ ಅಭಾವದ ದೋಷವನ್ನು ಅಭಾವದಲ್ಲಿರುವವರ ಮೇಲೆಯೇ ಹೊರಿಸಿದಂತಾಗುತ್ತದೆ.

ಇದಕ್ಕೆ ಪ್ರತಿಯಾದ ಮಾದರಿಗಳೂ ಇವೆ. 2006ರಲ್ಲಿ ಮೊದಲ ಹಂತದಲ್ಲಿಯೇ ಅವಿಭಜಿತ ಗುಲ್ಬರ್ಗಾ ಜಿಲ್ಲೆಗೆ ಬಂದ ಉದ್ಯೋಗ ಖಾತರಿ ಯೋಜನೆಯಲ್ಲಿ ಕೂಲಿಯ ದರ, ಕಾಮಗಾರಿಯ ವಿವರಗಳನ್ನು ಪಂಚಾಯಿತಿಯ ಗೋಡೆಯ ಮೇಲೂ ಕೆಲಸದ ಸ್ಥಳದಲ್ಲಿಯೂ ಬರೆಯಿಸುವ ಪದ್ಧತಿ ಬೆಳೆಯಿತು. 2011ರ ಸಕಾಲ ಕಾಯ್ದೆಯ ಅನಂತರ, ಯಾವ ಸೇವೆ ಎಷ್ಟು ದಿನಗಳಲ್ಲಿ ದೊರೆಯಬೇಕೆಂಬ ಫಲಕಗಳು ಕಚೇರಿಗಳಲ್ಲಿ ಕಾಣಿಸಿಕೊಂಡವು. ಈ ಬರಹಗಳಲ್ಲಿ ಪ್ರಾಸವಿಲ್ಲ, ಹೂವಿನ ಅಂಚಿಲ್ಲ. ಕಲೆಯ ದೃಷ್ಟಿಯಿಂದ ಅವು ಬಡವಾದವು. ಆದರೂ ಮಾತು ಮತ್ತು ಹೊಣೆ ಒಂದೇ ಗೋಡೆಯ ಮೇಲೆ ಸೇರಿರುವುದರಿಂದ ಅವು ಹಿತಬರಹದ ಗೌರವಕ್ಕೆ ಅರ್ಹ. ಕೂಲಿಯ ಮೊತ್ತವನ್ನು ಒಬ್ಬ ಮಗ ತನ್ನ ಮುತ್ಯಾನಿಗೆ ಗಟ್ಟಿಯಾಗಿ ಓದಿ ಹೇಳಿದರೆ ತಿಷ್ಯ ದಿನದ ಓದಿನಂತೆಯೇ ಆಳುವವರ ಕರ್ತವ್ಯ ಪ್ರಜೆಯ ಕಿವಿಗೆ ಬಿದ್ದಂತೆ.

ಅಳಿಯುವ ಕಲೆ

2000ದ ಬಳಿಕ ಫ್ಲೆಕ್ಸ್ ಮುದ್ರಣ ಜಿಲ್ಲಾ, ತಾಲ್ಲೂಕು ಕೇಂದ್ರಗಳಿಗೆ ಹರಡಿ, ಕೈಬರಹದ ಪೇಂಟರರ ಕೆಲಸವನ್ನು ಬಹಳಮಟ್ಟಿಗೆ ಕಸಿಯಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ವ್ಯಾಪ್ತಿಗೆ ಫ್ಲೆಕ್ಸನ್ನೂ ಸೇರಿಸಿತು. ಗೋಡೆಯ ಮೇಲೆ ಅನುಮತಿಯಿಲ್ಲದೆ ಬರೆಯುವುದನ್ನು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಮೊದಲೇ ನಿರ್ಬಂಧಿಸಿತ್ತು. ಹೀಗೆ ಸಾರ್ವಜನಿಕ ಗೋಡೆಯ ಮೇಲೆ ಕೈಯಿಂದ ಬರೆಯುವ ಅವಕಾಶ ಬಹುಮಟ್ಟಿಗೆ ಹಿತಬರಹಕ್ಕೇ ಉಳಿದಿದೆ. ಅಕ್ಷರ ಬರೆಯುವ ಕೈಗಳು ಬದುಕಿರುವುದಕ್ಕೆ ಶಾಲೆ, ಆಸ್ಪತ್ರೆ, ಪಂಚಾಯಿತಿಗಳ ಗೋಡೆಗಳು ಒಂದು ಕಾರಣವಾಗಿವೆ.

ಆದರೆ ಈ ಕಲೆ ದಾಖಲೆಯಿಲ್ಲದೆ ಅಳಿಯುತ್ತಿದೆ. ಸುಣ್ಣ ಬಳಿದಾಗ ಹಳೆಯ ಬರಹ ಮುಚ್ಚಿಹೋಗುತ್ತದೆ. ಹೊಸ ಯೋಜನೆ ಬಂದಾಗ ಹಳೆಯ ಘೋಷಣೆ ಮಾಯವಾಗುತ್ತದೆ. ಸಾಕ್ಷರತಾ ಆಂದೋಲನದ, ಪೋಲಿಯೊ ಲಸಿಕೆಯ, ಕುಟುಂಬ ಯೋಜನೆಯ ಕಾಲದ ಗೋಡೆಗಳಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ಮಾಸಿದ ಬರಹವೂ ಒಂದು ಸಂದೇಶವೇ. ಅರ್ಧ ಅಳಿಸಿದ ಘೋಷಣೆ, ಅದನ್ನು ಬರೆಯಿಸಿದವರು ಮತ್ತೆ ತಿರುಗಿ ನೋಡಿಲ್ಲವೆಂಬುದನ್ನು ಊರಿಗೆ ಹೇಳುತ್ತದೆ. ಗೋಡೆಗಳ ಛಾಯಾಚಿತ್ರ, ಬರೆದ ವರ್ಷ, ಪೇಂಟರರ ವಿವರ, ಬಳಸಿದ ಬಣ್ಣ ಇವುಗಳನ್ನು ತಾಲ್ಲೂಕುವಾರು ಸಂಗ್ರಹಿಸುವುದು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೈಗೊಳ್ಳಬೇಕಾದ ಕೆಲಸ.

ಒಟ್ಟಾರೆ ಹೇಳುವುದಾದರೆ, ಯಾದಗಿರಿ, ಶಹಾಪುರ, ಸುರಪುರ ಪರಿಸರದ ಹಿತಬರಹಗಳ ಬೆಲೆ ಅವು ಸಾರುವ ನೀತಿಯ ಎತ್ತರದಲ್ಲಿ ಇಲ್ಲ. ಓದಲಾರದವರ ಕಿವಿಗೆ ಸಲ್ಲುವ ಮಾತು, ನೋಡುವವರ ಬದುಕನ್ನು ಬಲ್ಲ ಚಿತ್ರ, ಬರೆಯಿಸಿದವರನ್ನೂ ಕಟ್ಟುವ ಹೊಣೆ ಇವು ಮೂರೂ ಕೂಡಿದಲ್ಲಿ ಗೋಡೆ ಊರಿನದಾಗುತ್ತದೆ. ಕೂಡದಲ್ಲಿ ಅದು ಇಲಾಖೆಯ ಲೆಕ್ಕದಲ್ಲಿ ಮುಗಿದ ಕಾಮಗಾರಿಯಾಗಿ ಉಳಿಯುತ್ತದೆ. ಶಾಲೆಯಿಂದ ಮರಳುವ ಮೊಮ್ಮಗಳು ಗೋಡೆಯ ಮುಂದೆ ನಿಂತು ಆಯಿಗೆ ಓದಿ ಹೇಳಿದಾಗ, ಆ ಮಾತು ಆಯಿಗೆ ತನ್ನ ಮನೆಯ ಮಾತಿನಂತೆ ಕೇಳಿಸಬೇಕು. ಅದನ್ನು ಬರೆಯುವುದು ಪೇಂಟರನ ಕುಂಚದಷ್ಟೇ ಬರೆಯಿಸುವವರ ವಿವೇಕಕ್ಕೂ ಸೇರಿದ ಕೆಲಸ.